ಹೆಸರು ಬೇರೆ, ದೂರ ಬೇರೆ: ವಕ್ರ ಮೇಲ್ಮೈಯ ರೇಖಾಗಣಿತ

ಕಾಸರಗೋಡಿನ ಕರಾವಳಿಯಲ್ಲಿ ಹಡಗಿನ ಕೆಲಸಕ್ಕೆ ಹೋದವರ ಮನೆಗಳು ಬಹಳ. ನಮ್ಮ ಒಂಬತ್ತನೆಯ ತರಗತಿಯ ಒಬ್ಬ ವಿದ್ಯಾರ್ಥಿನಿಯ ತಂದೆಯವರೂ ಸರಕಿನ ಹಡಗಿನಲ್ಲಿ ದುಡಿಯುವವರು. ದೂರವಾಣಿಯಲ್ಲಿ ಮಾತನಾಡಲು ಸಿಕ್ಕಿದ ದಿನ ಅವರು ಮಗಳಿಗೆ ಎರಡು ಸಂಖ್ಯೆಗಳನ್ನು ತಪ್ಪದೆ ಹೇಳುತ್ತಿದ್ದರು: ಹಡಗು ಇರುವ ಜಾಗದ ಅಕ್ಷಾಂಶ ಮತ್ತು ರೇಖಾಂಶ. ಮಗಳು ಅವನ್ನು ನೋಟುಪುಸ್ತಕದಲ್ಲಿ ಬರೆದಿಟ್ಟು, ಮರುದಿನ ತರಗತಿಯ ಗೋಡೆಯಲ್ಲಿ ತೂಗುವ ಪ್ರಪಂಚದ ನಕ್ಷೆಯಲ್ಲಿ ಆ ಜಾಗವನ್ನು ಹುಡುಕಿ ಪೆನ್ಸಿಲಿನಿಂದ ಒಂದು ಚುಕ್ಕೆ ಇಡುವಳು. ಚುಕ್ಕೆಯಿಂದ ಚುಕ್ಕೆಗೆ ಸ್ಕೇಲು ಹಿಡಿದು, ಅಪ್ಪ ಇಂದು ಎಷ್ಟು ದೂರ ಹೋದರು, ಊರಿಗೆ ಇನ್ನೆಷ್ಟು ದೂರ ಎಂದು ಲೆಕ್ಕ ಹಾಕುವಳು.

ಒಂದು ದಿನ ಅವಳು ಒಂದು ಸಂದೇಹವನ್ನು ತಂದಳು. ಹಡಗು ಹಿಂದೂ ಮಹಾಸಾಗರದಲ್ಲಿ ಸಮಭಾಜಕ ವೃತ್ತದ ಬಳಿ ಇದ್ದಾಗ ಒಂದು ದಿನಕ್ಕೆ 4 ಡಿಗ್ರಿ ರೇಖಾಂಶದಷ್ಟು ಪಶ್ಚಿಮಕ್ಕೆ ಹೋಗಿತ್ತು. ಈಗ ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ, 60 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಒಂದೇ ದಿನಕ್ಕೆ 8 ಡಿಗ್ರಿ ಹೋಗಿದೆ. "ಅಪ್ಪನ ಹಡಗು ಅಲ್ಲಿ ಎರಡು ಪಾಲು ಜೋರಾಗಿ ಓಡುತ್ತದಾ, ಸರ್?" ಎಂದು ಅವಳು ಕೇಳಿದಳು.

ನಾವೂ ನಕ್ಷೆಯ ಮೇಲೆ ಸ್ಕೇಲು ಹಿಡಿದು ನೋಡಿದೆವು. ಎರಡನೆಯ ಗೆರೆ ಮೊದಲನೆಯದರ ಇಮ್ಮಡಿ ಇತ್ತು. ಸರಕು ಇಳಿಸಿದ ಮೇಲೆ ಹಡಗು ಹಗುರವಾಗಿರಬಹುದು, ಸಮುದ್ರದ ಪ್ರವಾಹವೂ ಹಿಂದಿನಿಂದ ನೂಕುತ್ತಿರಬಹುದು ಎಂದು ವಿವರಣೆ ಕೊಟ್ಟೆವು. ತರಗತಿ ಒಪ್ಪಿಕೊಂಡಿತು. ಆದರೆ ಆ ಉತ್ತರ ಪೂರ್ತಿ ತಪ್ಪಾಗಿತ್ತು. ಹಡಗು ಎರಡೂ ದಿನ ಹೋದ ದೂರ ಒಂದೇ, ಸುಮಾರು 445 ಕಿಲೋಮೀಟರು. ತಪ್ಪಿದ್ದು ನಾವು ಅಳೆದ ರೀತಿಯಲ್ಲಿ. ಆ ತಪ್ಪಿನ ಬೇರು ಎಲ್ಲಿದೆ ಎಂದು ಹುಡುಕುತ್ತ ಹೋದಾಗ, ಗಣಿತದ ಒಂದು ದೊಡ್ಡ ವಿಚಾರದ ಬಾಗಿಲಿಗೇ ಬಂದು ನಿಂತೆವು. ಅದನ್ನು ವಿದ್ಯಾರ್ಥಿಮಿತ್ರರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ತೋಟದಲ್ಲಿ ಒಂದು ಪಾಠ

ನಮ್ಮ ಊರಿನ ತೋಟಗಳನ್ನೇ ನೋಡೋಣ. ಮರಗಳನ್ನು ಸಾಲು ಹಿಡಿದು ನೆಟ್ಟ ತೋಟದಲ್ಲಿ ಯಾವ ಮರವನ್ನಾದರೂ ಎರಡು ಸಂಖ್ಯೆಗಳಿಂದ ಗುರುತಿಸಬಹುದು: ಎಷ್ಟನೆಯ ಸಾಲು, ಆ ಸಾಲಿನಲ್ಲಿ ಎಷ್ಟನೆಯ ಮರ. ಇಂತಹ ಸಂಖ್ಯೆಗಳಿಗೆ ಗಣಿತದಲ್ಲಿ ನಿರ್ದೇಶಾಂಕಗಳು ಎಂದು ಹೆಸರು. ಇವು ಮರದ ವಿಳಾಸವಿದ್ದಂತೆ. ಆದರೆ ವಿಳಾಸ ತಿಳಿದ ಮಾತ್ರಕ್ಕೆ ದೂರ ತಿಳಿಯುವುದಿಲ್ಲ.

ಒಂದು ಮರದಿಂದ 3 ಸಾಲು ಆಚೆಗೆ, ಅಲ್ಲಿಂದ 4 ಮರ ಮುಂದಕ್ಕೆ ಇರುವ ಇನ್ನೊಂದು ಮರ ಎಷ್ಟು ದೂರ? ಪೈಥಾಗೊರಸನ ಪ್ರಮೇಯದಂತೆ 3ರ ವರ್ಗ 9, 4ರ ವರ್ಗ 16, ಕೂಡಿದರೆ 25, ಅದರ ವರ್ಗಮೂಲ 5. ಆದರೆ ಐದು ಏನು? ಮೀಟರೋ, ಮಾರೋ? ತೆಂಗಿನ ತೋಟವಾದರೆ ಮರದಿಂದ ಮರಕ್ಕೆ ಸಾಮಾನ್ಯವಾಗಿ 7.5 ಮೀಟರು ಬಿಡುತ್ತಾರೆ. ಆಗ ಉತ್ತರ 37.5 ಮೀಟರು. ಕಂಗಿನ ತೋಟವಾದರೆ ಬಿಡುವ ಅಂತರ 2.7 ಮೀಟರು, ಆಗ ಉತ್ತರ 13.5 ಮೀಟರು. ವಿಳಾಸದ ಸಂಖ್ಯೆಗಳು ಎರಡರಲ್ಲಿಯೂ ಒಂದೇ, ದೂರ ಮಾತ್ರ ಬೇರೆ.

ಇನ್ನು ಸಾಲಿನಿಂದ ಸಾಲಿಗೆ ಒಂದು ಅಂತರ, ಸಾಲಿನೊಳಗೆ ಮರದಿಂದ ಮರಕ್ಕೆ ಇನ್ನೊಂದು ಅಂತರ ಎಂದಿಟ್ಟುಕೊಳ್ಳಿ. ಆಗ ಸೂತ್ರ ಹೀಗಾಗುತ್ತದೆ:

(ದೂರ)² = ಕ × (ಸಾಲು)² + ಗ × (ಮರ)²

ಇಲ್ಲಿ ಕ ಎಂಬುದು ಸಾಲಿನ ಅಂತರದ ವರ್ಗ. ಗ ಎಂಬುದು ಮರದ ಅಂತರದ ವರ್ಗ.

ಕೆಲವರು ತೆಂಗನ್ನು ಚೌಕವಾಗಿ ನೆಡದೆ ತ್ರಿಕೋನ ಪದ್ಧತಿಯಲ್ಲಿ ನೆಡುತ್ತಾರೆ. ಅಕ್ಕಪಕ್ಕದ ಮೂರು ಮರಗಳು ಒಂದು ಸಮಬಾಹು ತ್ರಿಭುಜವಾಗಿ ನಿಲ್ಲುತ್ತವೆ. ಅಲ್ಲಿ ಎರಡು ದಿಕ್ಕಿನ ಸಾಲುಗಳ ನಡುವೆ 90 ಡಿಗ್ರಿ ಇಲ್ಲ, 60 ಡಿಗ್ರಿ ಇದೆ. ಅಂತಹ ತೋಟದಲ್ಲಿ ಒಂದು ದಿಕ್ಕಿಗೆ 3 ಮರ, ಇನ್ನೊಂದು ದಿಕ್ಕಿಗೆ 5 ಮರ ಹೋದರೆ ದೂರದ ವರ್ಗ 9 + 25 ಮಾತ್ರವಲ್ಲ; ಅದಕ್ಕೆ 3 × 5 = 15 ಕೂಡ ಸೇರುತ್ತದೆ. ಒಟ್ಟು 49, ವರ್ಗಮೂಲ 7. ಅಂದರೆ 7 × 7.5 = 52.5 ಮೀಟರು. ನಂಬಿಕೆ ಬಾರದವರು ಕಾಗದದಲ್ಲಿ ಚಿತ್ರ ಬರೆದು ಅಳೆಯಬಹುದು.

ಹೀಗೆ, ಎರಡು ಸಂಖ್ಯೆಗಳ ವಿಳಾಸವನ್ನು ದೂರವಾಗಿ ಬದಲಿಸಲು ಒಟ್ಟು ಮೂರು ಸಹಗುಣಕಗಳು ಬೇಕು: ಒಂದು ದಿಕ್ಕಿಗೆ ಒಂದು, ಇನ್ನೊಂದು ದಿಕ್ಕಿಗೆ ಒಂದು, ಎರಡು ದಿಕ್ಕುಗಳ ನಡುವಿನ ಓರೆಗೆ ಒಂದು. ಈ ಸಹಗುಣಕಗಳ ಕಟ್ಟಿಗೇ ಗಣಿತಜ್ಞರು ಮೆಟ್ರಿಕ್ ಎನ್ನುತ್ತಾರೆ. ಮೀಟರು, ಸೆಂಟಿಮೀಟರುಗಳ ಮೆಟ್ರಿಕ್ ಪದ್ಧತಿಯೇ ಬೇರೆ, ಈ ಮೆಟ್ರಿಕ್ಕೇ ಬೇರೆ. ಇದನ್ನು ನಾವು ಅಳತೆಯ ಕಟ್ಟಳೆ ಎನ್ನಬಹುದು. ವಿಳಾಸ ನಾವು ಇಟ್ಟುಕೊಂಡ ಹೆಸರು; ಕಟ್ಟಳೆಯಾದರೋ ನೆಲದ ಗುಣ.

ಭೂಮಿಯ ಕಟ್ಟಳೆ

ತೋಟದಲ್ಲಿ ಸಹಗುಣಕಗಳು ಎಲ್ಲ ಕಡೆಯೂ ಒಂದೇ ಆಗಿದ್ದವು. ಭೂಮಿಯ ಮೇಲೆ ಹಾಗಿಲ್ಲ. ಭೂಮಿಯನ್ನು ಸುಮಾರು 6371 ಕಿಲೋಮೀಟರು ತ್ರಿಜ್ಯದ ಗೋಳವೆಂದು ಭಾವಿಸೋಣ. ಉತ್ತರ ದಕ್ಷಿಣವಾಗಿ 1 ಡಿಗ್ರಿ ಅಕ್ಷಾಂಶ ನಡೆದರೆ ಎಲ್ಲಿಯಾದರೂ ಸುಮಾರು 111.2 ಕಿಲೋಮೀಟರು. ಆದರೆ ಪೂರ್ವ ಪಶ್ಚಿಮವಾಗಿ 1 ಡಿಗ್ರಿ ರೇಖಾಂಶ ನಡೆದರೆ ಎಷ್ಟು ಎಂಬುದು ನಾವು ಯಾವ ಅಕ್ಷಾಂಶದಲ್ಲಿದ್ದೇವೆ ಎಂಬುದನ್ನು ಅವಲಂಬಿಸುತ್ತದೆ. ರೇಖಾಂಶಗಳೆಲ್ಲ ಧ್ರುವದಲ್ಲಿ ಒಂದುಗೂಡುವುದರಿಂದ ಮೇಲೆ ಮೇಲೆ ಹೋದಂತೆ ಅವುಗಳ ನಡುವಿನ ಅಂತರ ಕಿರಿದಾಗುತ್ತದೆ. ಎಷ್ಟು ಕಿರಿದಾಗುತ್ತದೆ ಎಂಬುದನ್ನು ಅಕ್ಷಾಂಶದ ಕೊಸೈನ್ ಹೇಳುತ್ತದೆ. ಸಮಭಾಜಕ ವೃತ್ತದಲ್ಲಿ 1 ಡಿಗ್ರಿ ಎಂದರೆ 111.2 ಕಿಲೋಮೀಟರು, 12.5 ಡಿಗ್ರಿಯಲ್ಲಿರುವ ನಮ್ಮ ಕಾಸರಗೋಡಿನಲ್ಲಿ 108.6, 60 ಡಿಗ್ರಿಯಲ್ಲಿ ಕೊಸೈನ್ ಸರಿಯಾಗಿ ಅರ್ಧವಾದುದರಿಂದ 55.6, ಧ್ರುವದಲ್ಲಿ ಸೊನ್ನೆ.

ಹಡಗಿನ ಗುಟ್ಟು ಇಲ್ಲಿ ಬಯಲಾಯಿತು. ಸಮಭಾಜಕದ ಬಳಿ 4 × 111.2 = 445 ಕಿಲೋಮೀಟರು. ಅಟ್ಲಾಂಟಿಕ್ ಸಾಗರದಲ್ಲಿ 8 × 55.6 = 445 ಕಿಲೋಮೀಟರು.

ಭೂಮಿಯ ಕಟ್ಟಳೆಯನ್ನು ಸೂತ್ರವಾಗಿ ಬರೆದರೆ:

(ದೂರ)² = (111.2)² × (ಅಕ್ಷಾಂಶದ ವ್ಯತ್ಯಾಸ)² + (111.2 × ಅಕ್ಷಾಂಶದ ಕೊಸೈನ್)² × (ರೇಖಾಂಶದ ವ್ಯತ್ಯಾಸ)²

ರೇಖಾಂಶ ಮತ್ತು ಅಕ್ಷಾಂಶ ಪರಸ್ಪರ ಲಂಬವಾಗಿ ಸಂಧಿಸುವುದರಿಂದ ಓರೆಯ ಪದ ಇಲ್ಲಿ ಬೇಕಿಲ್ಲ.

ಒಂದು ಲೆಕ್ಕ ಮಾಡೋಣ. ಕಾಸರಗೋಡಿನಿಂದ ಬೆಂಗಳೂರಿಗೆ ಅಕ್ಷಾಂಶದ ವ್ಯತ್ಯಾಸ ಸುಮಾರು 0.47 ಡಿಗ್ರಿ, ರೇಖಾಂಶದ ವ್ಯತ್ಯಾಸ ಸುಮಾರು 2.6 ಡಿಗ್ರಿ. ಉತ್ತರಕ್ಕೆ 0.47 × 111.2 = 52.3 ಕಿಲೋಮೀಟರು. ನಡುವಿನ ಅಕ್ಷಾಂಶದ ಕೊಸೈನ್ 0.975 ಆದುದರಿಂದ ಪೂರ್ವಕ್ಕೆ 2.6 × 111.2 × 0.975 = 282 ಕಿಲೋಮೀಟರು. ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ ಸುಮಾರು 287 ಕಿಲೋಮೀಟರು. ಕಾಗೆ ಹಾರಿದ ಹಾಗೆ ನೇರವಾಗಿ ಅಳೆದರೆ ಬರುವ ದೂರ ಇದೇ. ಘಾಟಿಯ ತಿರುವುಗಳಲ್ಲಿ ಬಸ್ಸಿನಲ್ಲಿ ಹೋಗುವವರಿಗೆ ಇದಕ್ಕಿಂತ ಹೆಚ್ಚು ದೂರವಾಗುವುದು ಬೇರೆ ಮಾತು.

ತುಣುಕು ಏಕೆ ಬೇಕು?

ಮೇಲಿನ ಲೆಕ್ಕದಲ್ಲಿ ನಾವು ಒಂದು ಸಣ್ಣ ಸ್ವಾತಂತ್ರ್ಯ ವಹಿಸಿದೆವು. ಕಾಸರಗೋಡಿನ ಕೊಸೈನನ್ನೂ ಬಳಸಲಿಲ್ಲ, ಬೆಂಗಳೂರಿನದನ್ನೂ ಬಳಸಲಿಲ್ಲ, ನಡುವಿನದನ್ನು ಬಳಸಿದೆವು. ಹತ್ತಿರದ ಊರುಗಳಿಗೆ ಇದು ಸಾಕು. ದೂರ ಹೆಚ್ಚಿದಂತೆ ಸಹಗುಣಕ ದಾರಿಯುದ್ದಕ್ಕೂ ಬದಲಾಗುತ್ತಾ ಹೋಗುವುದರಿಂದ ತಪ್ಪು ಹೆಚ್ಚುತ್ತದೆ. ಹಾಗಾದರೆ ಏನು ಮಾಡಬೇಕು? ದಾರಿಯನ್ನು ಸಣ್ಣ ಸಣ್ಣ ತುಣುಕುಗಳಾಗಿ ಕತ್ತರಿಸಬೇಕು. ಒಂದು ತುಣುಕಿನೊಳಗೆ ಸಹಗುಣಕ ಬದಲಾಗುವುದಿಲ್ಲವೆಂದು ಭಾವಿಸಿದರೆ ತಪ್ಪೇನೂ ಆಗದಷ್ಟು ಅದು ಸಣ್ಣದಿರಬೇಕು. ಪ್ರತಿಯೊಂದು ತುಣುಕಿಗೂ ಅಲ್ಲಲ್ಲಿಯ ಕಟ್ಟಳೆಯನ್ನು ಹಚ್ಚಿ ಉದ್ದ ಕಂಡುಹಿಡಿದು, ಎಲ್ಲವನ್ನೂ ಕೂಡಿಸಬೇಕು. ಅದೇ ದಾರಿಯ ಉದ್ದ.

ಈ ಅತಿ ಸಣ್ಣ ತುಣುಕಿಗೆ ಗಣಿತದಲ್ಲಿ ಒಂದು ವಿಶೇಷ ಸ್ಥಾನವಿದೆ. ಗೆರೆಯ ಅಂಶವಾದುದರಿಂದ ಅದನ್ನು ರೇಖಾಂಶ ಎಂದೇ ಕರೆಯಬಹುದಿತ್ತು. ಆದರೆ ಆ ಹೆಸರನ್ನು ಭೂಗೋಳದವರು ಮೊದಲೇ ಕೊಂಡುಹೋಗಿದ್ದಾರೆ. ಆದುದರಿಂದ ರೇಖಾತುಣುಕು ಎನ್ನೋಣ. ಮೆಟ್ರಿಕ್ಕು ಸಹಗುಣಕಗಳ ಪಟ್ಟಿ. ಆ ಸಹಗುಣಕಗಳನ್ನು ಹಚ್ಚಿ ಒಂದು ತುಣುಕಿನ ಉದ್ದವನ್ನು ಹೇಳುವ ವಾಕ್ಯವೇ ರೇಖಾತುಣುಕಿನ ಸೂತ್ರ. ಎರಡೂ ಒಂದೇ ವಿಷಯದ ಎರಡು ಮುಖಗಳು.

ಎಲ್ಲ ದಾರಿಗಳ ಉದ್ದವನ್ನು ಹೀಗೆ ಕೂಡಿ ನೋಡಿದರೆ ಯಾವುದು ಅತಿ ಹತ್ತಿರದ ದಾರಿ ಎಂಬುದೂ ತಿಳಿಯುತ್ತದೆ. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ನಗರವೂ ಅಲಾಸ್ಕಾದ ಆಂಕರೇಜ್ ನಗರವೂ ಸುಮಾರು 60 ಡಿಗ್ರಿ ಉತ್ತರದಲ್ಲಿವೆ. ಅವುಗಳ ರೇಖಾಂಶದಲ್ಲಿ ಹೆಚ್ಚುಕಡಮೆ 180 ಡಿಗ್ರಿ ವ್ಯತ್ಯಾಸ. ಗೋಡೆಯ ನಕ್ಷೆಯಲ್ಲಿ ಒಂದರಿಂದ ಇನ್ನೊಂದಕ್ಕೆ ಸ್ಕೇಲಿಟ್ಟು ಗೆರೆ ಎಳೆದರೆ ಅದು ಅಕ್ಷಾಂಶದ ಗುಂಟ ಹೋಗುತ್ತದೆ. ಆ ದಾರಿಯ ಉದ್ದ 180 × 55.6, ಅಂದರೆ ಸುಮಾರು 10,000 ಕಿಲೋಮೀಟರು. ಅದರ ಬದಲು ನೇರ ಉತ್ತರಕ್ಕೆ ಹೋಗಿ, ಧ್ರುವದ ಹತ್ತಿರ ದಾಟಿ, ಆಚೆ ಇಳಿದರೆ ಒಟ್ಟು ಸುಮಾರು 59 ಡಿಗ್ರಿ. ಅದು 6,550 ಕಿಲೋಮೀಟರು ಮಾತ್ರ. ನಕ್ಷೆಯಲ್ಲಿ ನೆಟ್ಟಗೆ ಕಾಣುವುದು ಸುತ್ತುದಾರಿ. ಸುತ್ತಾಗಿ ಕಾಣುವುದೇ ಹತ್ತಿರದ ದಾರಿ.

ಇಲ್ಲೊಂದು ಎಡವುವ ಕಲ್ಲು

ಇಷ್ಟಾದ ಮೇಲೆ ನಾವು ಇನ್ನೊಂದು ತಪ್ಪಿಗೆ ಬಿದ್ದೆವು. ಸಹಗುಣಕ ಜಾಗದಿಂದ ಜಾಗಕ್ಕೆ ಬದಲಾದರೆ ಮೇಲ್ಮೈ ವಕ್ರ, ಬದಲಾಗದಿದ್ದರೆ ಸಮತಲ ಎಂದು ತೀರ್ಮಾನಿಸಿದೆವು. ಕೇಳಲು ಸರಿಯೆನಿಸುತ್ತದೆ. ಆದರೆ ಇದೂ ಸರಿಯಲ್ಲ.

ಸಮತಟ್ಟಾದ ಗದ್ದೆಯ ನಡುವೆ ಒಂದು ಗೂಟ ಹುಗಿದು, ಹಗ್ಗ ಕಟ್ಟಿ ಒಂದು ದನವನ್ನು ಬಿಟ್ಟಿದ್ದಾರೆಂದು ಭಾವಿಸಿ. ದನ ಇರುವ ಜಾಗವನ್ನು ಗೂಟದಿಂದ ಎಷ್ಟು ದೂರ, ಯಾವ ದಿಕ್ಕಿನಿಂದ ಎಷ್ಟು ಡಿಗ್ರಿ ತಿರುಗಿದೆ ಎಂಬ ಎರಡು ಸಂಖ್ಯೆಗಳಿಂದ ಹೇಳಬಹುದು. ಇವೂ ನಿರ್ದೇಶಾಂಕಗಳೇ. 10 ಮೀಟರು ದೂರದಲ್ಲಿ ದನ 1 ಡಿಗ್ರಿ ತಿರುಗಿದರೆ ನಡೆದದ್ದು 17.5 ಸೆಂಟಿಮೀಟರು, 20 ಮೀಟರು ದೂರದಲ್ಲಿ 1 ಡಿಗ್ರಿ ತಿರುಗಿದರೆ 35 ಸೆಂಟಿಮೀಟರು. ಸಹಗುಣಕ ಇಲ್ಲಿಯೂ ಜಾಗದಿಂದ ಜಾಗಕ್ಕೆ ಬದಲಾಗುತ್ತಿದೆ. ಆದರೂ ಗದ್ದೆ ಸಮತಟ್ಟೇ! ಸೂತ್ರ ಡೊಂಕಾದದ್ದು ನಾವು ವಿಳಾಸ ಕೊಟ್ಟ ರೀತಿಯಿಂದ, ನೆಲದಿಂದಲ್ಲ.

ಹಾಗಾದರೆ ಸೂತ್ರದ ಡೊಂಕು ಯಾವುದು, ನೆಲದ ಡೊಂಕು ಯಾವುದು ಎಂದು ಹೇಗೆ ಬೇರ್ಪಡಿಸುವುದು? ಇಡೀ ವಿಷಯದ ತಿರುಳು ಇರುವುದು ಈ ಪ್ರಶ್ನೆಯಲ್ಲೇ.

ಉತ್ತರ ಹೀಗೆ: ವಿಳಾಸವನ್ನು ಮರೆತುಬಿಡಿ, ದೂರಗಳನ್ನು ಮಾತ್ರ ನೋಡಿ. ಒಂದು ಬಿಂದುವಿನಿಂದ ಎಲ್ಲ ದಿಕ್ಕಿಗೂ ಸಮದೂರದಲ್ಲಿ ಒಂದು ವೃತ್ತ ಎಳೆದು ಅದರ ಪರಿಧಿಯನ್ನು ಅಳೆಯಿರಿ. ಗದ್ದೆಯಲ್ಲಿ ಹಗ್ಗದ ಉದ್ದ ಇಮ್ಮಡಿಯಾದರೆ ದನ ಸುತ್ತುವ ವೃತ್ತವೂ ಇಮ್ಮಡಿಯಾಗುತ್ತದೆ. ಪರಿಧಿ ಯಾವಾಗಲೂ ತ್ರಿಜ್ಯದ 6.283 ಪಾಲು. ಇದು ಸಮತಲದ ಗುರುತು. ಗೋಳದ ಮೇಲಾದರೆ ಪರಿಧಿ ಇದಕ್ಕಿಂತ ಕಡಿಮೆ ಬರುತ್ತದೆ. ಕುದುರೆಯ ಜೀನಿನಂತೆ ಒಂದು ದಿಕ್ಕಿಗೆ ಏರಿ ಇನ್ನೊಂದು ದಿಕ್ಕಿಗೆ ಇಳಿಯುವ ಮೇಲ್ಮೈಯಲ್ಲಿ ಹೆಚ್ಚು ಬರುತ್ತದೆ. ಅಂಚಿನಲ್ಲಿ ನೆರಿಗೆ ನೆರಿಗೆಯಾಗಿ ಉಕ್ಕುವ ಕೋಳಿಜುಟ್ಟಿನ ಹೂವನ್ನು ನೆನೆಯಿರಿ.

ಇದನ್ನು ನಾವು ಶಾಲೆಯ ಭೂಗೋಳದ ಮೇಲೆಯೇ ಮಾಡಿ ನೋಡಿದೆವು. ನಮ್ಮ ಗೋಳದ ವ್ಯಾಸ 30 ಸೆಂಟಿಮೀಟರು. ಉತ್ತರ ಧ್ರುವದಿಂದ ಮೇಲ್ಮೈಗೆ ಒತ್ತಿ ಹಿಡಿದ 10 ಸೆಂಟಿಮೀಟರು ನೂಲಿನಿಂದ ಸುತ್ತಲೂ ಗುರುತು ಮಾಡಿ, ಆ ಗುರುತುಗಳ ಮೇಲೆ ಇನ್ನೊಂದು ನೂಲನ್ನು ಸುತ್ತಿ ಅಳೆದೆವು. ಸಮತಲದಲ್ಲಾದರೆ 62.8 ಸೆಂಟಿಮೀಟರು ಬರಬೇಕು. ನಮಗೆ ಬಂದದ್ದು 58ಕ್ಕಿಂತ ಸ್ವಲ್ಪ ಹೆಚ್ಚು. ಲೆಕ್ಕದ ಪ್ರಕಾರ ಬರಬೇಕಾದದ್ದು 58.3; ಕೊರತೆ ಸುಮಾರು 4.5 ಸೆಂಟಿಮೀಟರು. ಈ ಕೊರತೆಯಿಂದ ಗೋಳದ ತ್ರಿಜ್ಯವನ್ನೂ ಕಂಡುಹಿಡಿಯಬಹುದು. ವೃತ್ತ ಚಿಕ್ಕದಿದ್ದರೆ ನಿಯಮ ಹೀಗಿದೆ:

(ಗೋಳದ ತ್ರಿಜ್ಯ)² = 3.1416 × (ನೂಲಿನ ಉದ್ದ)³ ÷ (3 × ಕೊರತೆ)

ಇದರಂತೆ 3141.6 ÷ 13.5 = 232.7, ಅದರ ವರ್ಗಮೂಲ 15.25. ನಿಜವಾದ ತ್ರಿಜ್ಯ 15. ಗೋಳವನ್ನು ಒಡೆಯದೆ, ಅದರ ಒಳಗೆ ಇಣುಕದೆ, ಹೊರಗಿನಿಂದ ದುಂಡಗೆ ಕಾಣುತ್ತದೆಂಬುದನ್ನೂ ಲೆಕ್ಕಕ್ಕೆ ಹಿಡಿಯದೆ, ಮೇಲ್ಮೈಯ ಮೇಲೆ ಹರಿದಾಡುವ ಇರುವೆಯೊಂದು ಮಾಡಬಹುದಾದ ಅಳತೆಯಿಂದಲೇ ತ್ರಿಜ್ಯ ಸಿಕ್ಕಿತು.

ಈಗ ಒಂದು ಹಾಳೆಯಲ್ಲಿ ಕೈವಾರದಿಂದ ವೃತ್ತ ಬರೆದು, ಹಾಳೆಯನ್ನು ಕೊಳವೆಯಂತೆ ಸುರುಳಿ ಸುತ್ತಿ. ವೃತ್ತದ ಪರಿಧಿ ಬದಲಾಯಿತೇ? ಇಲ್ಲ. ಕೊಳವೆ ನಮ್ಮ ಕಣ್ಣಿಗೆ ಡೊಂಕು, ಅದರ ಮೇಲಿರುವ ಇರುವೆಗೆ ಸಮತಲ. ಅದಕ್ಕೇ ಪಠ್ಯಪುಸ್ತಕಕ್ಕೆ ಕಾಗದದ ಹೊದಿಕೆ ಸಲೀಸಾಗಿ ಕೂರುತ್ತದೆ; ಫುಟ್‌ಬಾಲಿಗೆ ಹಾಕಹೊರಟರೆ ಕಾಗದ ಮುದುಡುತ್ತದೆ ಇಲ್ಲವೇ ಹರಿಯುತ್ತದೆ. ಪ್ರಪಂಚದ ನಕ್ಷೆಯನ್ನು ಗೋಡೆಗೆ ತೂಗುವ ಹಾಳೆಯಾಗಿ ಮಾಡುವವರ ಕಷ್ಟವೂ ಇದೇ.

ಇದನ್ನು ಕಂಡವರು ಯಾರು?

ಕಟ್ಟಳೆಯಿಂದಲೇ ವಕ್ರತೆಯನ್ನು ಕಂಡುಹಿಡಿಯಬಹುದೆಂದು ಸಾಧಿಸಿದವರು ಜರ್ಮನಿಯ ಗಣಿತಜ್ಞ ಕಾರ್ಲ್ ಫ್ರೀಡ್ರಿಖ್ ಗೌಸ್ (1777–1855). 1827ರಲ್ಲಿ ಅವರು ಮಂಡಿಸಿದ ವಕ್ರ ಮೇಲ್ಮೈಗಳ ಪ್ರಬಂಧದಲ್ಲಿ ಈ ಫಲಿತಾಂಶಕ್ಕೆ ವಿಶಿಷ್ಟ ಪ್ರಮೇಯ ಎಂಬ ಅರ್ಥ ಬರುವ ಲ್ಯಾಟಿನ್ ಹೆಸರನ್ನು ಕೊಟ್ಟರು. ನಾವು ತೋಟದಲ್ಲಿ ಕಂಡ ಮೂರು ಸಹಗುಣಕಗಳೇ ಅವರ ಇ, ಎಫ್, ಜಿ ಎಂಬ ಅಕ್ಷರಗಳು.

ಗೌಸ್ ಬರೇ ಮೇಜಿನ ಮುಂದೆ ಕುಳಿತವರಲ್ಲ. ಅದಕ್ಕೆ ಹಿಂದಿನ ವರ್ಷಗಳಲ್ಲಿ ಹ್ಯಾನೋವರ್ ರಾಜ್ಯದ ಭೂಮಾಪನದ ಹೊಣೆ ಹೊತ್ತು ಬೆಟ್ಟ ಹತ್ತಿ ಇಳಿದವರು. ಹೋಹೆನ್‌ಹಾಗೆನ್, ಬ್ರೋಕೆನ್, ಇನ್ಸೆಲ್ಸ್‌ಬರ್ಗ್ ಎಂಬ ಮೂರು ಬೆಟ್ಟಗಳ ನಡುವೆ ಅವರು ಅಳೆದ ದೊಡ್ಡ ತ್ರಿಭುಜದ ಬಾಹುಗಳು ಸುಮಾರು 69, 85 ಮತ್ತು 107 ಕಿಲೋಮೀಟರು. ಸಮತಲದ ತ್ರಿಭುಜದ ಕೋನಗಳ ಮೊತ್ತ 180 ಡಿಗ್ರಿ ಎಂದು ನಾವೆಲ್ಲ ಕಲಿತಿದ್ದೇವೆ. ಗೋಳದ ಮೇಲಿನ ತ್ರಿಭುಜದಲ್ಲಿ ಅದು ಹೆಚ್ಚು. ಈ ತ್ರಿಭುಜಕ್ಕೆ ಆ ಹೆಚ್ಚಳ ಸುಮಾರು 15 ಸೆಕೆಂಡು. 1 ಡಿಗ್ರಿಯ 3600ನೆಯ ಒಂದು ಪಾಲಿಗೆ ಕೋನದ ಅಳತೆಯಲ್ಲಿ ಸೆಕೆಂಡು ಎನ್ನುತ್ತಾರೆ. ಭೂಮಿಯ ಮೇಲೆ ಸುಮಾರು 197 ಚದರ ಕಿಲೋಮೀಟರು ವಿಸ್ತೀರ್ಣಕ್ಕೆ 1 ಸೆಕೆಂಡಿನಂತೆ ಈ ಹೆಚ್ಚಳ ಬೆಳೆಯುತ್ತದೆ.

ನಮ್ಮ ನಾಡಿಗೂ ಈ ಕೆಲಸಕ್ಕೂ ಸಂಬಂಧವಿದೆ. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ಇಂಗ್ಲಿಷರ ಸೈನ್ಯದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ, 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟಿನ ಬಳಿ ಮಹಾ ತ್ರಿಕೋನಮಿತಿಯ ಭೂಮಾಪನವನ್ನು ಪ್ರಾರಂಭಿಸಿದರು. ಬೆಟ್ಟದಿಂದ ಬೆಟ್ಟಕ್ಕೆ ತ್ರಿಭುಜಗಳನ್ನು ಹೆಣೆಯುತ್ತಾ, ಬೆಂಗಳೂರಿನ ಬಳಿ ನೆಲದ ಮೇಲೆ ಸರಪಳಿ ಹಾಸಿ ಅಳೆದು ತಾಳೆ ನೋಡಿ, ಪೂರ್ವ ಕರಾವಳಿಯಿಂದ ಪಶ್ಚಿಮ ಕರಾವಳಿಗೆ ತಲುಪಿದರು. ಭೂಮಿಯ ವಕ್ರತೆಯ ಹೆಚ್ಚಳವನ್ನು ತ್ರಿಭುಜಗಳ ಲೆಕ್ಕದಲ್ಲಿ ಸೇರಿಸಿಕೊಂಡೇ ಅವರ ಗಣನೆ ನಡೆದಿತ್ತು. ಪರ್ಯಾಯದ್ವೀಪದ ಅಗಲ ಇಲ್ಲಿ ಸುಮಾರು 360 ಮೈಲಿ, ಹಿಂದಿನ ನಕ್ಷೆಗಳು ತೋರಿಸಿದ್ದಕ್ಕಿಂತ ಸುಮಾರು 40 ಮೈಲಿ ಕಡಿಮೆ ಎಂದು ಅದರಿಂದ ತಿಳಿಯಿತು. ಮಂಗಳೂರಿನ ರೇಖಾಂಶ 74.84, ಚೆನ್ನೈಯದು 80.27, ಎರಡೂ ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿವೆ. ಮೇಲಿನ ಸೂತ್ರದಿಂದ ವಿದ್ಯಾರ್ಥಿಮಿತ್ರರು ತಾವೇ ಲೆಕ್ಕ ಹಾಕಿ ನೋಡಲಿ.

ಮೇಲ್ಮೈಯಿಂದ ಆಕಾಶಕ್ಕೆ

1854ರ ಜೂನ್ 10ರಂದು ಗೌಸರ ಶಿಷ್ಯ ಬರ್ನ್‌ಹಾರ್ಡ್ ರೀಮಾನ್ ಗಟ್ಟಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಒಂದು ಉಪನ್ಯಾಸ ಕೊಟ್ಟರು. ವೃದ್ಧರಾದ ಗೌಸ್ ಶ್ರೋತೃಗಳ ನಡುವೆ ಇದ್ದರು. ಎರಡು ಸಂಖ್ಯೆಗಳ ವಿಳಾಸವಿರುವ ಮೇಲ್ಮೈಗೆ ಮಾತ್ರ ಏಕೆ, ಮೂರು, ನಾಲ್ಕು, ಎಷ್ಟು ಸಂಖ್ಯೆಗಳ ವಿಳಾಸವಿದ್ದರೂ ಇಂತಹ ಕಟ್ಟಳೆಯನ್ನು ಬರೆಯಬಹುದು ಎಂದು ರೀಮಾನ್ ತೋರಿಸಿದರು. ಎರಡು ಸಂಖ್ಯೆಯಾದರೆ 3 ಸಹಗುಣಕ, ಮೂರು ಸಂಖ್ಯೆಯಾದರೆ 6, ನಾಲ್ಕಾದರೆ 10. ನಾವಿರುವ ಈ ಅವಕಾಶವೂ ಸಮವೇ ವಕ್ರವೇ ಎಂಬುದನ್ನು ಮನೆಯಲ್ಲಿ ಕುಳಿತು ತೀರ್ಮಾನಿಸುವಂತಿಲ್ಲ, ಅಳೆದೇ ನೋಡಬೇಕು ಎಂಬ ಅರ್ಥ ಇದರಲ್ಲಿ ಅಡಗಿತ್ತು.

ಆ ಮಾತನ್ನು ಭೌತಶಾಸ್ತ್ರಕ್ಕೆ ತಂದವರು ಆಲ್ಬರ್ಟ್ ಐನ್‌ಸ್ಟೈನ್. 1908ರಲ್ಲಿ ಮಿಂಕೋವ್‌ಸ್ಕಿ ಎಂಬ ಗಣಿತಜ್ಞರು ಅವಕಾಶದ ಮೂರು ಸಂಖ್ಯೆಗಳ ಜೊತೆಗೆ ಕಾಲವನ್ನೂ ಸೇರಿಸಿ ಒಂದೇ ರೇಖಾತುಣುಕನ್ನು ಬರೆಯುವ ಕ್ರಮವನ್ನು ತೋರಿಸಿದ್ದರು; ಅಲ್ಲಿ ಕಾಲದ ಪದಕ್ಕೆ ಉಳಿದವುಗಳ ವಿರುದ್ಧ ಚಿಹ್ನೆ. 1915ರ ನವೆಂಬರಿನಲ್ಲಿ ಐನ್‌ಸ್ಟೈನ್ ಪೂರ್ಣಗೊಳಿಸಿದ ಸಿದ್ಧಾಂತದ ಪ್ರಕಾರ, ನಾವು ಗುರುತ್ವಾಕರ್ಷಣೆ ಎನ್ನುವುದು ಈ ಹತ್ತು ಸಹಗುಣಕಗಳು ಜಾಗದಿಂದ ಜಾಗಕ್ಕೆ ಬದಲಾಗುವ ರೀತಿ. ಗೂಟದ ದನದ ಲೆಕ್ಕದಂತೆ ವಿಳಾಸ ಬದಲಿಸಿ ಈ ಬದಲಾವಣೆಯನ್ನು ಪೂರ್ತಿ ಅಳಿಸಿಹಾಕಲು ಬರುವುದಿಲ್ಲ. ಇದು ನಿಜವಾದ ವಕ್ರತೆ. ಸೂರ್ಯನ ಅಂಚಿನಲ್ಲಿ ಹಾದುಬರುವ ನಕ್ಷತ್ರದ ಬೆಳಕು 1.75 ಸೆಕೆಂಡು ಕೋನದಷ್ಟು ಬಾಗಬೇಕೆಂದು ಅವರ ಲೆಕ್ಕ ಹೇಳಿತು. 1919ರ ಸೂರ್ಯಗ್ರಹಣದಲ್ಲಿ ನಡೆಸಿದ ವೀಕ್ಷಣೆಗಳು ಅದನ್ನು ಬೆಂಬಲಿಸಿದವು.

ಇದು ಆಕಾಶಕ್ಕೆ ಮಾತ್ರ ಸಂಬಂಧಪಟ್ಟ ವಿಷಯವಲ್ಲ. ಹಡಗಿನವರು ತಾವಿರುವ ಜಾಗವನ್ನು ತಿಳಿಯುವುದು ಇಂದು ಉಪಗ್ರಹಗಳ ಸಂಕೇತದಿಂದ. ಜಿ.ಪಿ.ಎಸ್. ಉಪಗ್ರಹಗಳು ಸುಮಾರು 20,200 ಕಿಲೋಮೀಟರು ಎತ್ತರದಲ್ಲಿವೆ. ಅಲ್ಲಿ ಕಾಲದ ಸಹಗುಣಕ ಇಲ್ಲಿಗಿಂತ ಬೇರೆ. ಉಪಗ್ರಹದ ವೇಗದ ಪರಿಣಾಮವನ್ನೂ ಸೇರಿಸಿ ಲೆಕ್ಕ ಹಾಕಿದರೆ ಅಲ್ಲಿಯ ಗಡಿಯಾರ ದಿನಕ್ಕೆ ಸೆಕೆಂಡಿನ ಹತ್ತು ಲಕ್ಷದ 38 ಪಾಲಿನಷ್ಟು ಮುಂದೆ ಹೋಗುತ್ತದೆ. ಅಷ್ಟು ಹೊತ್ತಿನಲ್ಲಿ ಬೆಳಕು 11 ಕಿಲೋಮೀಟರಿಗೂ ಹೆಚ್ಚು ಸಾಗುತ್ತದೆ. ಆದುದರಿಂದ ಈ ವ್ಯತ್ಯಾಸವನ್ನು ಮೊದಲೇ ಎಣಿಸಿ ಗಡಿಯಾರಗಳನ್ನು ಸರಿಹೊಂದಿಸಿರುತ್ತಾರೆ. ಮಗಳಿಗೆ ಅಪ್ಪ ಹೇಳುವ ಎರಡು ಸಂಖ್ಯೆಗಳ ಹಿಂದೆ ಐನ್‌ಸ್ಟೈನರ ಮೆಟ್ರಿಕ್ಕು ಕೆಲಸ ಮಾಡುತ್ತಿದೆ. ಆ ಸಂಖ್ಯೆಗಳನ್ನು ದೂರವಾಗಿ ಬದಲಿಸಲು ಗೌಸರ ಮೆಟ್ರಿಕ್ಕು ಬೇಕು.

ನಾವಿಕರ ಉತ್ತರ

ಆ ವಿದ್ಯಾರ್ಥಿನಿಯ ತಂದೆಯವರು ರಜೆಯಲ್ಲಿ ಊರಿಗೆ ಬಂದಾಗ ಶಾಲೆಗೂ ಬಂದಿದ್ದರು. ಗೋಡೆಯ ನಕ್ಷೆಯ ಮೇಲಿದ್ದ ಪೆನ್ಸಿಲಿನ ಚುಕ್ಕೆಗಳನ್ನು ಒಂದೊಂದಾಗಿ ನೋಡಿದರು. ನಾವು ನಮ್ಮ ಹಳೆಯ ಉತ್ತರವನ್ನೂ ಅದು ತಪ್ಪಾದ ಬಗೆಯನ್ನೂ ಹೇಳಿದೆವು. ಅವರು ನಕ್ಕು, "ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗರಿಗೆ ಮೊದಲು ಕಲಿಸುವುದೇ ಇದನ್ನು, ಮಾಷ್ಟ್ರೇ. ದೂರ ಅಳೆಯುವಾಗ ನಕ್ಷೆಯ ಕೆಳಗಿನ ಅಂಚನ್ನು ನೋಡಬಾರದು, ಪಕ್ಕದ ಅಂಚನ್ನು ನೋಡಬೇಕು. ಅದೂ ಹಡಗು ಇರುವ ಅಕ್ಷಾಂಶದ ನೇರಕ್ಕೆ" ಎಂದರು.

ಅವರ ಮಾತಿನ ಅರ್ಥ ಇಷ್ಟು. ನಾವಿಕರು ಬಳಸುವ ನಕ್ಷೆ 1569ರಲ್ಲಿ ಮರ್ಕೇಟರ್ ರಚಿಸಿದ ಮಾದರಿಯದು. ಅದರಲ್ಲಿ ಧ್ರುವದ ಕಡೆ ಹೋದಂತೆ ಎಲ್ಲವೂ ಹಿಗ್ಗುತ್ತದೆ. ಪೂರ್ವ ಪಶ್ಚಿಮವಾಗಿ ಎಷ್ಟು ಹಿಗ್ಗುತ್ತದೋ ಉತ್ತರ ದಕ್ಷಿಣವಾಗಿಯೂ ಅಷ್ಟೇ. ಆಫ್ರಿಕಾ ಖಂಡ ಗ್ರೀನ್‌ಲ್ಯಾಂಡಿನ ಸುಮಾರು 14 ಪಾಲು ದೊಡ್ಡದಿದ್ದರೂ ಆ ನಕ್ಷೆಯಲ್ಲಿ ಎರಡೂ ಸರಿಸಮಾನವಾಗಿ ಕಾಣುತ್ತವೆ. ಆದರೆ 1 ಡಿಗ್ರಿ ಅಕ್ಷಾಂಶದ ನಿಜವಾದ ಉದ್ದ ಎಲ್ಲ ಕಡೆಯೂ ಸುಮಾರು ಒಂದೇ. ಆದುದರಿಂದ ಪಕ್ಕದ ಅಂಚಿನ ಅಕ್ಷಾಂಶದ ಗುರುತುಗಳೇ ಆಯಾ ಜಾಗದ ಸರಿಯಾದ ಸ್ಕೇಲು. ಅಕ್ಷಾಂಶದ 1 ಮಿನಿಟಿಗೆ ಒಂದು ನಾವಿಕ ಮೈಲಿ, ಅಂದರೆ 1.852 ಕಿಲೋಮೀಟರು. ಮೆಟ್ರಿಕ್ಕಿನ ಹೆಸರು ಕೇಳದ ನಾವಿಕರೂ ತಲೆತಲಾಂತರದಿಂದ ಕೈವಾರ ಹಿಡಿದು ಮೆಟ್ರಿಕ್ಕನ್ನೇ ಬಳಸುತ್ತಾ ಬಂದಿದ್ದಾರೆ.

ಹಾಗೆ ನೋಡಿದರೆ ಆ ನಕ್ಷೆ ನಮಗೆ ಸುಳ್ಳು ಹೇಳಿರಲಿಲ್ಲ. ತನ್ನ ಕಟ್ಟಳೆಯನ್ನು ತನ್ನ ಅಂಚಿನಲ್ಲೇ ಬರೆದುಕೊಂಡಿತ್ತು. ಅದನ್ನು ಓದದೆ, ಎಲ್ಲ ಕಡೆಗೂ ಒಂದೇ ಸ್ಕೇಲು ಹಿಡಿದವರು ನಾವು.

ವಿದ್ಯಾರ್ಥಿಮಿತ್ರರೇ, ಒಂದು ಚೆಂಡು, ಎರಡು ತುಂಡು ನೂಲು, ಒಂದು ಸ್ಕೇಲು ಇಷ್ಟಿದ್ದರೆ ಮೇಲಿನ ಪ್ರಯೋಗವನ್ನು ಮನೆಯ ಜಗಲಿಯಲ್ಲಿ ಕುಳಿತು ಮಾಡಬಹುದು. ಚೆಂಡಿನ ತ್ರಿಜ್ಯವನ್ನು ನೂಲಿನಿಂದಲೇ ಕಂಡುಹಿಡಿದು, ಆಮೇಲೆ ಬೇರೆ ರೀತಿಯಿಂದ ಅಳೆದು ತಾಳೆ ನೋಡಿ. ನೂಲು ಚೆಂಡಿನ ತ್ರಿಜ್ಯದ ಅರ್ಧದಿಂದ ಮುಕ್ಕಾಲಿನ ಒಳಗಿರಲಿ. ತೀರ ಗಿಡ್ಡವಾದರೆ ಕೊರತೆ ಕಾಣಿಸದು, ತೀರ ಉದ್ದವಾದರೆ ನಿಯಮ ಸರಿಹೊಂದದು. ಆ ವಿದ್ಯಾರ್ಥಿನಿಯ ನೋಟುಪುಸ್ತಕದಲ್ಲಿ ಈಗ ಎರಡು ಸಂಖ್ಯೆಗಳ ಪಕ್ಕದಲ್ಲಿ ಮೂರನೆಯ ಕಾಲಮ್ಮು ಒಂದಿದೆ. ಅದರ ತಲೆಬರಹ: ಅಕ್ಷಾಂಶದ ಕೊಸೈನ್. ಅದನ್ನು ಗುಣಿಸಿದ ಮೇಲೆಯೇ ಅವಳು ಅಪ್ಪ ಆ ದಿನ ಹೋದ ದೂರವನ್ನು ಬರೆಯುವುದು.